ಮಾಯವ್ವನ ದಾರದ ಗಂಟುಗಳು

೧೬ ಆಗಸ್ಟ್ ೧೯೭೬, ಸೋಮವಾರ. ಸಂಜೆ ೭

ಅಯಸ್ಕಾಂತ ಇಲ್ಲ. ವಿಜ್ಞಾನದ ಪೆಟ್ಟಿಗೆಯಲ್ಲಿ ಭೂತಗನ್ನಡಿ ಇದೆ, ಥರ್ಮಾಮೀಟರ್ ಇದೆ, ಸಣ್ಣ ತಕ್ಕಡಿಯೂ ಇದೆ. ಅಯಸ್ಕಾಂತ ಮಾತ್ರ ಇಲ್ಲ. ಶನಿವಾರ ತರಗತಿ ಮುಗಿದ ಮೇಲೆ ಒಳಗಿಟ್ಟವಳು ನಾನೇ. ಹೌದು, ನಾನೇ.

ಮಕ್ಕಳು ಒಯ್ದಿರಬಹುದು. ಮೊಳೆ ಅಂಟಿಕೊಂಡದ್ದು ನೋಡಿ ಬಾಯಿ ಬಿಟ್ಟು ನಿಂತಿದ್ದವು. ಅಥವಾ ಆ ಪಾರೀಸ. ಹದಿನೈದು ದಿನಕ್ಕೊಮ್ಮೆ ಕೊಲ್ಹಾಪುರದಿಂದ ಸ್ಕೂಟರಿನಲ್ಲಿ ಬರುತ್ತಾನೆ. ಅಲ್ಲಿಯ ಕಾಲೇಜು ಮಾಸ್ತರರ ಮಂಡಳಿಯವನು. ಶಾಲೆ ಬಿಟ್ಟ ಮೇಲೆ ಕುರುಬರ ಹಟ್ಟಿಯ ಮಕ್ಕಳಿಗೆ ಗಣಿತ-ವಿಜ್ಞಾನ ಹೇಳಿಕೊಡುವ ಈ ತರಗತಿ ಅವರದೇ ಯೋಜನೆ. ಹಗಲು ಶಾಲೆಯಲ್ಲಿ ಮರಾಠಿ, ಸಂಜೆ ಇಲ್ಲಿ ಕನ್ನಡ. ಕನ್ನಡ ಬರುವ ಬಾಯಿ (ಇಲ್ಲಿ ಮಾಸ್ತರಿಣಿಗೆ ಹೀಗೇ ಅನ್ನುತ್ತಾರೆ) ಬೇಕೆಂದು ಇಚಲಕರಂಜಿಯವಳಾದ ನನ್ನ ಕೊರಳಿಗೆ ಕಟ್ಟಿದರು. ಇರಲಿ. ಆದರೆ ಮೋಡ ಕವಿದಿದ್ದರೂ ಆ ಮನುಷ್ಯ ಕಪ್ಪು ಕನ್ನಡಕ ತೆಗೆಯುವುದಿಲ್ಲ. ಕಣ್ಣೇ ತೋರಿಸದವರ ಮಾತು ನಂಬುವುದು ಹೇಗೆ?

೧೭ ಆಗಸ್ಟ್

ಅಯಸ್ಕಾಂತ ಸಿಕ್ಕಿತು. ನನ್ನ ಟ್ರಂಕಿನ ತಳಕ್ಕೆ ಅಂಟಿಕೊಂಡಿತ್ತು! ಕಬ್ಬಿಣದ ಟ್ರಂಕು. ವಿಜ್ಞಾನ ಕಲಿಸುವವಳು ನಾನು... "ನಿನ್ನ ನೆರಳಿನ ಮ್ಯಾಲೂ ನಿನಗ ಸಂಶೆ" ಎಂದು ಅವ್ವ ಅನ್ನುವುದು ಸುಳ್ಳಲ್ಲ.

೨೩ ಆಗಸ್ಟ್, ಸೋಮವಾರ

ಗಡಹಿಂಗ್ಲಜದಲ್ಲಿ ಮೀಟಿಂಗ್. ಮತ್ತೆ ಅದೇ ರಾಗ. ಎಮರ್ಜೆನ್ಸಿಯ ಹುಕುಂ, ಪ್ರತಿಯೊಬ್ಬ ಮಾಸ್ತರೂ ಕೇಸು ತರಬೇಕು. ಕೇಸು ಎಂದರೆ ಮಕ್ಕಳಾಗದ ಆಪರೇಷನ್‌ಗೆ ಒಪ್ಪುವ ಗಂಡಸು. ತರದಿದ್ದರೆ ಪಗಾರ ಇಲ್ಲ. ಮದುವೆಯಾಗದ ನಾನು ಯಾವ ಗಂಡಸಿನ ಮುಂದೆ ನಿಂತು ಈ ಮಾತು ಆಡಲಿ? ಕೇಳಿದೆ. ಎಲ್ಲರೂ ನಕ್ಕರು.

ಬಸ್ಸಿನಲ್ಲಿ ಹಿಂದೆ ಬರುವಾಗ ನಮ್ಮ ಹೆಡ್‌ಮಾಸ್ತರ್ ಜೋತಿಬಾ ಗುರೂಜಿ ಸಮಾಧಾನ ಹೇಳಿದರು. "ಕಾಳಜಿ ಮಾಡಬ್ಯಾಡ್ರಿ ಬಾಯಿ, ನಾ ಅದೇನಿ." ತಮ್ಮ ಹೊಲದ ಹಸಿ ಶೇಂಗಾ ಒಂದು ಚೀಲ ಕೊಟ್ಟರು. ಜನವರಿಗೆ ನಿವೃತ್ತಿ, ಪಾಪ. ಈ ಊರಲ್ಲಿ ನಾನು ಸಂಶಯಪಡದ ಮನುಷ್ಯ ಇವರೊಬ್ಬರೇ.

ಹಟ್ಟಿಯವರು ಈಗ ನನ್ನನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಸಂಜೆ ಮಕ್ಕಳನ್ನು ಕೂಡಿಸುವುದು ಓದಿಸಲಿಕ್ಕಲ್ಲ, ಅಪ್ಪಂದಿರನ್ನು ಹಿಡಿಯಲಿಕ್ಕೆ ಎಂದು ಮಾತು ಹಬ್ಬಿದೆ. ಸಂಶಯದಲ್ಲಿ ನನ್ನನ್ನು ಮೀರಿಸುವ ಜನ ಕೊನೆಗೂ ಸಿಕ್ಕರು.

೩೦ ಆಗಸ್ಟ್

ಹೊಸ ಪಾಠ – ಆಲೇಖ, ಅಂದರೆ ಗ್ರಾಫ್. ಪುಸ್ತಕದಲ್ಲಿರುವಂತೆ ಚೌಕಳಿ ಕಾಗದ ಎಲ್ಲಿಂದ ತರಲಿ? ಉಣ್ಣೆಯ ದಾರ ತರಲು ಹೇಳಿದೆ. ಹಟ್ಟಿಯಲ್ಲಿ ಅದಕ್ಕೇನು ಬರ! ಮನೆಯ ಒಬ್ಬೊಬ್ಬರಿಗೂ ಒಂದೊಂದು ಗಂಟು. ದೊಡ್ಡವರಿಗೆ ಕರಿ ಉಣ್ಣೆ, ಮಕ್ಕಳಿಗೆ ಬಿಳಿ. ಗೋಡೆಗೆ ಸಾಲಾಗಿ ತೂಗುಹಾಕಿದರೆ ಯಾರ ಮನೆ ದೊಡ್ಡದು, ಯಾರದು ಸಣ್ಣದು, ದೂರದಿಂದಲೇ ಓದಬಹುದು. ಸ್ವಂತ ಕಲ್ಪನೆ. ಬೀಗುತ್ತಿದ್ದೇನೆ, ಬೀಗಿದರೇನಂತೆ.

ಆದರೆ ಒಂದು ದಾರವೂ ಸರಿ ಇಲ್ಲ. ಸತ್ಯಪ್ಪನ ಮಗಳು ಎರಡೇ ಗಂಟು ಹಾಕಿದ್ದಾಳೆ. ಅವಳ ತಂಗಿ, ಅದೇ ಮನೆಯವಳು, ಹದಿಮೂರು! ಗುಣಾಕಾರ ಬಾಯಲ್ಲೇ ಮಾಡುವ ಮಾಯವ್ವ ಕೂಡ ಮೂರು ಗಂಟು ಹಾಕಿ ತಲೆ ತಗ್ಗಿಸಿದಳು. ಇವರಿಗೆ ಎಣಿಕೆ ಬರುವುದಿಲ್ಲವೋ, ನನ್ನನ್ನು ಆಡಿಸುತ್ತಿದ್ದಾರೋ?

೩೧ ಆಗಸ್ಟ್

ತಡೆಯಲಿಲ್ಲ. ಹಟ್ಟಿಗೇ ಹೋದೆ. ಮಾಯವ್ವನ ಅಜ್ಜಿ ಹಣಮವ್ವ ಬಾಗಿಲಲ್ಲಿ ಕೂತು ಕದರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು.

"ಮನ್ಯಾಗ ಮಕ್ಕಳು ಎಷ್ಟ ಅಜ್ಜಿ?"

"ದೇವರು ಕೊಟ್ಟಷ್ಟ ಅದಾವ್ರಿ."

"ಅಂದ್ರ ಎಷ್ಟ?"

"ಕುರಿ, ಮಕ್ಕಳು ಎಣಸಬಾರದ್ರಿ ಬಾಯಾರ. ಎಣಸಿದ್ರ ಕಡಿಮಿ ಆಕ್ಕಾವ. ಯಾರರೇ ಕೇಳಿದ್ರ ತಪ್ಪ ಹೇಳಬೇಕ್ರಿ. ನಮ್ಮ ಪದ್ಧತಿ ಅದ."

ದೇವರು ಕೊಟ್ಟಷ್ಟಂತೆ! ನನ್ನ ತರಗತಿಯಲ್ಲಿ ಈ ಉತ್ತರಕ್ಕೆ ಸೊನ್ನೆ. ಇಪ್ಪತ್ತನೆಯ ಶತಮಾನದಲ್ಲಿ ಎಣಿಸಿದರೆ ಕಡಿಮೆಯಾಗುತ್ತವಂತೆ. ಸುಮ್ಮನೆ ನೆಪ. ಆಪರೇಷನ್ ಹೆದರಿಕೆಗೆ ದೇವರ ಹೆಸರು.

೬ ಸೆಪ್ಟೆಂಬರ್, ಸೋಮವಾರ

ಪಾರೀಸ ಬಂದಿದ್ದ. ಮಾಯವ್ವನಿಗೆ ಬಾಯಿಲೆಕ್ಕ ಕೊಟ್ಟ. ಒಂದೂ ತಪ್ಪಲಿಲ್ಲ. ಥರ್ಮಾಮೀಟರಿನ ಪಾದರಸ ಯಾಕೆ ಏರುತ್ತದೆ ಎಂದು ಕೇಳಿದ. "ಬಿಸಿ ಆದ್ರ ಹಿಗ್ಗತೈತ್ರಿ. ಇದ್ದ ಜಾಗಾ ಸಾಲೂದಿಲ್ಲ, ಮ್ಯಾಲ ಏರತೈತಿ" ಎಂದಳು. ನಾನು ಹಾಗೆ ಹೇಳಿಕೊಟ್ಟಿರಲಿಲ್ಲ. ಅವಳೇ ಯೋಚಿಸಿ ಹೇಳಿದ್ದು. ನನಗೆ ಕಣ್ಣು ತುಂಬಿಬಂತು.

ಅಕ್ಟೋಬರ್ ಹತ್ತಕ್ಕೆ ಕೊಲ್ಹಾಪುರದಲ್ಲಿ ಪರೀಕ್ಷೆಯಂತೆ. ಪಾಸಾದರೆ ಹಾಸ್ಟೆಲ್, ಹತ್ತನೆಯವರೆಗೆ ಓದು, ಎಲ್ಲ ಪುಕ್ಕಟೆ. ನಾಲ್ಕನೆಯ ಇಯತ್ತೆಯವರಿಗೆ ಮಾತ್ರ. ಒಂದೇ ಅವಕಾಶ. ಇಲ್ಲದಿದ್ದರೆ ಮಾಯವ್ವ ದೀಪಾವಳಿಗೆ ಕುರಿ ಹಿಂದೆ ಹೋಗುತ್ತಾಳೆ, ಬರುವ ವರ್ಷ ಇನ್ನೊಬ್ಬರ ಮನೆಗೆ. ಅಪ್ಪ ಮಲ್ಲಾರಿ ನೆಂಟರ ಜೊತೆ ಮಾತು ಆಡುತ್ತಿದ್ದಾನೆ ಎಂದು ಅವಳೇ ಹೇಳಿದಳು. ಅವಳು ಹೋಗಲೇಬೇಕು. ನನಗೆ ಬೇರೇನೂ ಬೇಡ.

ಆದರೆ ಪಾರೀಸ ಅಷ್ಟಕ್ಕೇ ಬಿಡಲಿಲ್ಲ. ಅಪ್ಪ ಏನು ಮಾಡುತ್ತಾನೆ, ಮನೆಯಲ್ಲಿ ಯಾರ‍್ಯಾರು, ಯಾವಾಗ ಊರು ಬಿಡುತ್ತಾರೆ... ಪರೀಕ್ಷೆಗೂ ಇದಕ್ಕೂ ಏನು ಸಂಬಂಧ? ಬೆಳ್ಳಗಿರುವುದೆಲ್ಲ ಹಾಲಲ್ಲ.

೧೧ ಸೆಪ್ಟೆಂಬರ್, ಶನಿವಾರ

ಗೆದ್ದೆ. ಮಾಯವ್ವನನ್ನು ಕೂರಿಸಿಕೊಂಡು ಹೇಳಿದೆ – ಲೆಕ್ಕದಲ್ಲಿ ಸುಳ್ಳು ಬರೆಯುವವಳನ್ನು ಕೊಲ್ಹಾಪುರಕ್ಕೆ ಕಳಿಸುವುದಿಲ್ಲ. ಆಮೇಲೆ ದಾರ ತೆಗೆದುಕೊಂಡಳು. ಮೂರು ಕರಿ ಗಂಟು – ಅಜ್ಜಿ, ಅಪ್ಪ ಮಲ್ಲಾರಿ, ಅವ್ವ ಯಮುನವ್ವ. ಆರು ಬಿಳಿ. ಕೊನೆಯದು ತೊಟ್ಟಿಲ ಕೂಸು, ಅದಕ್ಕೆ ಸಣ್ಣ ಗಂಟು.

"ಅಜ್ಜಿಗೆ ಹೇಳಬ್ಯಾಡ್ರಿ ಬಾಯಾರ."

"ಹೇಳೂದಿಲ್ಲವ್ವ."

ಗೋಡೆಯ ನಡುವೆ ಅವಳದೇ ತೂಗುಹಾಕಿದೆ. ಕೆಳಗೆ ಸುಣ್ಣದಲ್ಲಿ ದೊಡ್ಡದಾಗಿ ಹೆಸರು. ಮಧ್ಯಾಹ್ನ ಪಾರೀಸ, ಈ ಸಲ ಹದಿನೈದು ದಿನ ಕಾಯದೆ ಬಂದವನು, ಅದರ ಮುಂದೆ ನಿಂತು ಏನೋ ಬರೆದುಕೊಂಡ. ಗುರೂಜಿಯೂ ನೋಡಿ, "ವಾ! ಛಾನ್" ಎಂದು ಮೆಚ್ಚಿದರು.

೧೪ ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ ೮

ಆರು ಗಂಟೆಗೆ ಆಪರೇಷನ್ ಕ್ಯಾಂಪಿನ ಜೀಪ್ ಬಂತು. ನನ್ನ ಖೋಲಿ ಶಾಲೆಯ ಬೆನ್ನಿಗೇ ಇದೆ, ಅಲ್ಲಿಂದ ಹಟ್ಟಿಯೆಲ್ಲ ಕಾಣುತ್ತದೆ. ಯಾರನ್ನೂ ಕೇಳಲಿಲ್ಲ. ಯಾವ ಮನೆಯ ಮುಂದೆಯೂ ನಿಲ್ಲಿಸಲಿಲ್ಲ. ನೇರ ಮಲ್ಲಾರಿಯ ಬಾಗಿಲು. ಆಗಷ್ಟೇ ಕುರಿ ಬಿಡಲು ಎದ್ದಿದ್ದ. ಹೆಗಲ ಮೇಲಿನ ಕಂಬಳಿ ಸಮೇತ ಹತ್ತಿಸಿಕೊಂಡು ಹೋದರು. ಯಮುನವ್ವ ಕೂಸನ್ನು ಎತ್ತಿಕೊಂಡೇ ಜೀಪಿನ ಹಿಂದೆ ಓಡಿದಳು.

ಯಾರೋ ತೋರಿಸಿದ್ದಾರೆ. ಯಾರೋ ಏನು – ಪಾರೀಸ! ಬರೆದುಕೊಂಡು ಹೋದದ್ದು ನಾನೇ ನೋಡಿಲ್ಲವೇ?

೧೬ ಸೆಪ್ಟೆಂಬರ್. ಕೊಲ್ಹಾಪುರ, ಬಸ್ ಸ್ಟ್ಯಾಂಡ್

ಕಾಲೇಜಿಗೇ ಹೋಗಿ ಹಿಡಿದೆ. ನಾಲ್ಕು ಜನರ ಎದುರಿಗೆ ಕಟುಕ ಎಂದೆ. ಪಾರೀಸ ಸಿಟ್ಟಾಗಲಿಲ್ಲ. ಪ್ರಯೋಗಶಾಲೆಯೊಳಗೆ ಕರೆದು ಕೂರಿಸಿ ನೀರು ಕೊಟ್ಟ.

"ಶಾಲನಕ್ಕಾ, ನಾ ಬರಕೊಂಡಿದ್ದು ಮಾಯವ್ವಂದು ಪರೀಕ್ಷಾ ಅರ್ಜಿಗೆ ರೀ. ಹಾಸ್ಟೆಲ್‌ನವ್ರು ಮನಿ ಮಂದಿ ಎಲ್ಲಾ ಕೇಳತಾರ."

"ಕನ್ನಡಕ ತಗದ ಮಾತಾಡ್ರಿ" ಎಂದೆ. ಬಾಯಿ ತಪ್ಪಿ ಬಂದ ಮಾತು.

ತೆಗೆದ. ಎಡಗಣ್ಣು ಇಲ್ಲ. ಓದುವಾಗ ಆಸಿಡ್ ಸಿಡಿದದ್ದಂತೆ. ಅದಕ್ಕೇ ಹಳ್ಳಿಯ ಮಕ್ಕಳಿಗೆ ಯಾರಾದರೂ ಸರಿಯಾಗಿ ಪ್ರಯೋಗ ಕಲಿಸಬೇಕು ಎಂದು ಈ ಹುಚ್ಚು, ಎಂದ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ.

ಹಾಗಾದರೆ ಯಾರು?

೧೭ ಸೆಪ್ಟೆಂಬರ್, ಶುಕ್ರವಾರ

ಗೊತ್ತಾಯಿತು. ಹುಡುಕುವ ಕಷ್ಟವನ್ನೂ ಕೊಡಲಿಲ್ಲ. ಜೋತಿಬಾ ಗುರೂಜಿ ತಾವೇ ಪೇಢೆ ಹಿಡಿದು ಬಂದರು.

"ತೊಗೊಳ್ರಿ ಬಾಯಿ. ನಿಮ್ಮ ಪಗಾರ ಸುಟತು, ಇನ್ನ ಯಾರೂ ತಡಿಯಾಂಗಿಲ್ಲ. ನನ್ನ ಎರಡು ಕೇಸು ಕಲ್ಲ ಒಡಿಯೂ ಖಡಿ ಮಶೀನ್ ಹತ್ರ ಸಿಕ್ಕು. ಇದನ್ನ ನಿಮ್ಮ ಹೆಸರಿಗೆ ಬರಸೇನಿ."

"ಯಾವುದನ್ನ?"

"ಮಲ್ಲಾರಿದು! ನೀವ ಗ್ವಾಡಿ ಮ್ಯಾಲ ತೂಗ ಹಾಕಿದ್ರಲ್ಲ. ಆರು ಬಿಳಿ ಗಂಟ. ಇಷ್ಟ ದಿನಾ ಈ ಮಂದಿ ಒಬ್ಬರರೇ ಖರೇ ಹೇಳಿದ್ರೇನು? ಭಾಳ ಹುಷಾರ ಅದೀರಿ ನೀವು."

ಅವರ ಕಣ್ಣಲ್ಲಿ ಮೋಸ ಇರಲಿಲ್ಲ. ಅದೇ ನನ್ನನ್ನು ಸುಡುತ್ತಿದೆ. ಮಗಳಿಗೆ ಉಪಕಾರ ಮಾಡಿದ ಅಪ್ಪನ ಹಾಗೆ ನಗುತ್ತಿದ್ದರು. ಪೇಢೆ ನೆಲಕ್ಕೆ ಎಸೆದೆ. ಆಗ ಮಾತ್ರ ಅವರ ಮುಖ ಸಣ್ಣದಾಯಿತು. "ನನ್ನ ಪೆನ್ಶನ್ ಕಾಗದಾ ನಿಂತಾವ ಬಾಯಿ. ನಿಮಗೇನು ಗೊತ್ತ" ಎಂದು ಗೊಣಗುತ್ತ ಹೋದರು.

ಮಲ್ಲಾರಿ ನನ್ನ ಕೇಸು. ಊರಿನವರ ಮೇಲೆಲ್ಲ ಸಂಶಯಪಟ್ಟೆ. ನನ್ನ ಗೋಡೆಯ ಮೇಲೆ ಸಂಶಯ ಬರಲಿಲ್ಲ.

೨೦ ಸೆಪ್ಟೆಂಬರ್, ಸೋಮವಾರ

ಮಲ್ಲಾರಿ ಮೊನ್ನೆಯೇ ವಾಪಸು ಬಂದಿದ್ದಾನೆ. ಜ್ವರ. ಹಾದಿಯಲ್ಲಿ ಎರಡು ಕಡೆ ಕೂತು ಕೂತು ನಡೆದು ಬಂದನಂತೆ. ಆದರೂ ಹಟ್ಟಿ ನಿಲ್ಲುವುದಿಲ್ಲ. ದೀಪಾವಳಿ ಆದ ಮೇಲೆ ಹೊರಡಬೇಕಾದವರು ಇನ್ನೂ ದಸರೆಯೂ ಬರುವ ಮೊದಲೇ ಕುದುರೆಗಳ ಮೇಲೆ ಸಾಮಾನು ಹೇರುತ್ತಿದ್ದಾರೆ. ಮಲ್ಲಾರಿಯನ್ನೂ ಒಂದು ಕುದುರೆಯ ಮೇಲೆ ಕೂರಿಸಿದ್ದಾರೆ.

ಹಣಮವ್ವ ಮಾಯವ್ವನ ಕೈ ಹಿಡಿದು ಶಾಲೆಗೆ ಬಂದಳು. ಬೈಯಲಿ, ಉಗುಳಲಿ ಎಂದು ನಿಂತಿದ್ದೆ. ಅವಳು ನೇರ ಗೋಡೆಗೆ ಹೋಗಿ ದಾರ ಇಳಿಸಿದಳು. ನೆಲದ ಮೇಲೆ ಕೂತು ಉಗುರಿನಿಂದ ಗಂಟು ಬಿಚ್ಚತೊಡಗಿದಳು. ನಾನು ಬಿಚ್ಚಲು ಕೈ ಚಾಚಿದೆ. ಕೊಡಲಿಲ್ಲ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಬಾಯಾರ. ನಾ ಮೊದಲ ಹೇಳಿದ್ನೆಲ್ರಿ, ಎಣಸಿದ್ರ ಕಡಿಮಿ ಆಕ್ಕಾವಂತ."

ಮಾಯವ್ವನನ್ನು ಬಿಟ್ಟು ಹೋಗಿ ಎಂದು ಬೇಡಿಕೊಂಡೆ. ಪರೀಕ್ಷೆಯವರೆಗೆ ಮಾತ್ರ. ನನ್ನ ಖೋಲಿಯಲ್ಲೇ ಇಟ್ಟುಕೊಳ್ಳುತ್ತೇನೆ, ನಾನೇ ಕರೆದುಕೊಂಡು ಹೋಗುತ್ತೇನೆ.

"ಬ್ಯಾಡ್ರಿ. ನಿಮ್ಮಲ್ಲಿ ಬಿಡೂದಿಲ್ಲ."

ಅಷ್ಟೇ. ಮಾಯವ್ವ ಬಾಗಿಲಲ್ಲಿ ಒಮ್ಮೆ ನಿಂತಳು. "ಬಾಯಾರ, ನಾ ಖರೇನ ಬರದಿದ್ನೆಲ್ರಿ?" ಎಂದಳು.

ಹೌದವ್ವ, ಎಂದೆ. ಮತ್ತೇನು ಹೇಳಲಿ? ಖರೆ ಬರೆದಿದ್ದಕ್ಕೇ ಹೀಗಾಯಿತು ಎಂದು ಹತ್ತು ವರ್ಷದ ಹುಡುಗಿಗೆ ಹೇಳಲೇ?

೧೦ ಅಕ್ಟೋಬರ್, ಭಾನುವಾರ

ಇವತ್ತು ಪರೀಕ್ಷೆ. ಪಾರೀಸ ನಿನ್ನೆಯೇ ಸ್ಕೂಟರ್ ತಂದಿದ್ದ. ಮಾಯವ್ವನ ಕಡೆಯವರು ಮೂಡಲ ದಿಕ್ಕಿಗೆ ಹೋಗಿದ್ದಾರೆಂದು ಮಾತ್ರ ಗೊತ್ತು. ಇಬ್ಬರೂ ಕತ್ತಲಾಗುವವರೆಗೆ ಊರೂರು ಕೇಳಿದೆವು. ಕುರಿ ಹಿಂಡು ಕಂಡವರು ಯಾರೂ ಇಲ್ಲ. ಅಥವಾ ಇದ್ದರೂ ಹೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದಿರಬೇಕು, ಆ ಬಾಯಿ ಇವಳೇ ಎಂದು.

ಈಗ ಹನ್ನೊಂದು ಗಂಟೆ. ಗಣಿತದ ಪೇಪರ್ ಕೊಟ್ಟಿರುತ್ತಾರೆ.

೧೮ ನವೆಂಬರ್, ಗುರುವಾರ. ಸಂಜೆ ೫

ಇಷ್ಟು ದಿನ ಏನೂ ಬರೆಯಲಿಲ್ಲ. ಆ ಪಗಾರ ಮುಟ್ಟಿಲ್ಲ. ಕೇಸು ನನ್ನ ಹೆಸರಿನಿಂದ ತೆಗೆಯಿರಿ ಎಂದು ಆಫೀಸಿಗೆ ಹೋಗಿ ಬಂದೆ. ಮತ್ತೆ ನಕ್ಕರು.

ಹಟ್ಟಿಯಲ್ಲಿ ಉಳಿದವರು ಮುದುಕರು, ಬಾಣಂತಿಯರು, ಸಣ್ಣ ಮಕ್ಕಳು. ದಿನಾ ಐದಕ್ಕೆ ಬಾಗಿಲು ತೆರೆದು, ಪೆಟ್ಟಿಗೆ ಮುಂದಿಟ್ಟುಕೊಂಡು ಕೂರುತ್ತೇನೆ. ಯಾರೂ ಬರುತ್ತಿರಲಿಲ್ಲ.

ಇವತ್ತು ಆ ಸಣ್ಣ ಮಕ್ಕಳು ಬಂದರು. ಹೊರಗೆ ಚಪ್ಪಲಿ ಬಿಡುವ ಸದ್ದು. ಒಬ್ಬರ ಹಿಂದೆ ಒಬ್ಬರು ಅಂಜುತ್ತ ಒಳಗೆ ಬಂದು ಕೂತರು. ಅಯಸ್ಕಾಂತ ಕೈಗೆ ಕೊಟ್ಟೆ. ಈಗ ಮೊಳೆ ಎತ್ತುತ್ತ ನಗುತ್ತಿದ್ದಾರೆ. ನಾನು ಮೂಲೆಯಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಗೋಡೆ ಬರಿದು. ಹಾಗೇ ಇರಲಿ.

ಗುರೂಜಿ ಬಾಗಿಲಿಗೆ ಬಂದಿದ್ದಾರೆ. ಹಿಂದೆ ಯಾರೋ ಆಫೀಸಿನವರು, ಕೈಯಲ್ಲಿ ಪೆನ್ನು.

"ಎಷ್ಟ ಹುಡುಗರು ಬಂದಾವ್ರಿ ಬಾಯಿ? ಯಾರ‍್ಯಾರ ಮನ್ಯಾವು?"

"ದೇವರು ಕೊಟ್ಟಷ್ಟು" ಎಂದೆ.

ಮತ್ತೆ ಕೇಳುತ್ತಿದ್ದಾರೆ. ಗಣಿತದ ಬಾಯಿಗೆ ಎಣಿಸಲು ಬರುವುದಿಲ್ಲವೇ ಅಂತೆ. ಬರುವುದಿಲ್ಲ. ಆ ಮನುಷ್ಯ ಒಳಗೆ ಕಾಲಿಟ್ಟ, ಎಣಿಸಲು ಬೆರಳು ಎತ್ತಿದ – ತಡೆ, ನಾನು ಎದ್ದು ಅಡ್ಡ ನಿಲ್ಲಬೇಕು.