ತಿಕ್ಕದ ತಟ್ಟೆ

ಫೆಬ್ರವರಿ ೧೭

ನನ್ನ ಮುದ್ದು ಇಲಿಮರಿ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಕೆಲಸದ ನೆಪ ಹೇಳಬಹುದು, ನೀನು ನಂಬುವವಳಲ್ಲ. ಮೊಣಕಾಲು ನೋವೊಂದು ಬಿಟ್ಟರೆ ಚೆನ್ನಾಗಿದ್ದೇನೆ. ನಿನ್ನ ಶಾಲೆಯ ಮಕ್ಕಳು ನಿನ್ನನ್ನು ‘ಚೊಕ್ಕಟ ಟೀಚರ್’ ಅನ್ನುತ್ತಾರೆಂದು ಓದಿ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ.

ನಮ್ಮ ಪ್ರಯೋಗಾಲಯದ ಕುಲುಮೆ ಕೋಣೆಯ ಸುದ್ದಿ ಹೇಳಬೇಕು. ಎರಡು ವರ್ಷ ನಾವಿಬ್ಬರೂ ಅದೇ ರಾಳವನ್ನು ಗಾಳಿ ಸೋಕದಂತೆ ಸುಟ್ಟು, ಅದರಿಂದಾದ ಪಿಂಗಾಣಿಯಂಥ ಕಪ್ಪು ಗಟ್ಟಿಯನ್ನು ಅರೆದು ಬ್ಯಾಟರಿಗೆ ಬಳಿದೆವು. ನನ್ನ ಪುಡಿ ನಿನ್ನದರ ಒಂದೂವರೆ ಪಟ್ಟು ಚಾರ್ಜ್ ಹಿಡಿಯುತ್ತಿತ್ತು. ನನ್ನ ಲೇಖನ ಅಚ್ಚಾಯಿತು. ಮುಖ್ಯಸ್ಥರು ಎಲ್ಲರೆದುರು, “ಅಕ್ಕನ ಕೈಗುಣ ತಂಗಿಗೆ ಬರ್ಲಿಲ್ಲ ನೋಡಿ” ಅಂದದ್ದು, ನೀನು ಬಿಳಿ ಕೋಟು ಕಳಚಿಟ್ಟು ಹೋದದ್ದು ನನಗೆ ಮರೆತುಹೋಗಿಲ್ಲ.

ಹೋದ ಸೋಮವಾರ, ರಾಳ ತುಂಬಿ ಕುಲುಮೆಗೆ ನೂಕುವ ನನ್ನ ಹಳೇ ತಟ್ಟೆ ಇಕ್ಕಳದಿಂದ ಜಾರಿ ಎರಡು ಹೋಳಾಯಿತು. ಹೊಸ ತಟ್ಟೆಯಲ್ಲಿ ಸುಟ್ಟೆ. ಬಂದದ್ದು ಏನು ಗೊತ್ತೇ? ನಿನ್ನ ಪುಡಿಯ ಅಂಕಿಗಳು! ಮೂರು ಸಲ ಸುಟ್ಟರೂ ನಿನ್ನವೇ. ಒಡೆದ ತಟ್ಟೆಯ ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ತವರದ ಮಣಿಗಳು ಅಂಟಿದ್ದವು, ಹಿಂದೆ ಯಾರೋ ಮಾಡಿದ ಪ್ರಯೋಗದವು. ಸುಟ್ಟಾಗಲೆಲ್ಲ ಚೂರು ಚೂರೇ ನನ್ನ ಪುಡಿಗೆ ಸೇರಿ ಹೆಚ್ಚಿನ ಚಾರ್ಜ್ ಹಿಡಿದದ್ದು ಆ ತವರ. ನೀನೋ ಪ್ರತಿ ಸಲವೂ ನಿನ್ನ ತಟ್ಟೆಯನ್ನು ಆಮ್ಲದಲ್ಲಿ ನೆನೆಸಿ ತಿಕ್ಕುತ್ತಿದ್ದೆ. “ತಿಕ್ಕಿ ತಿಕ್ಕಿ ತೂತು ಮಾಡ್ತೀಯ ಕಣೇ” ಅಂತ ಗೇಲಿ ಮಾಡಿದವಳು ನಾನೇ. ನನ್ನ ಸೋಮಾರಿತನಕ್ಕೆ ಹೆಸರು ಬಂತು, ನಿನ್ನ ಅಚ್ಚುಕಟ್ಟಿಗೆ ಮಾತು ಬಂತು.

ಹೋಳುಗಳನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿ, “ಲೇಖನ ವಾಪಸ್ ತಗೋಬೇಕಮ್ಮ. ನಿನ್ನ ತಂಗೀನ ಕರೀತೀಯಾ?” ಅಂದರು. ಕರೆಯುತ್ತಿದ್ದೇನೆ. ಬರುವುದು ಬಿಡುವುದು ನಿನ್ನಿಷ್ಟ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಲೆ ಎತ್ತಿಕೊಂಡು ಬಾಳು, ಅಷ್ಟೇ ನನ್ನ ಹಾರೈಕೆ.

ನಿನ್ನ ಅಕ್ಕ

ಮರೆತ ಮಾತಲ್ಲ, ಬರೆಯಲಾಗದೆ ಉಳಿದದ್ದು: ಆ ಮಣಿಗಳನ್ನು ನಾನು ಮೊದಲು ಕಂಡದ್ದು ಸೋಮವಾರವಲ್ಲ. ನೀನು ಬಿಟ್ಟುಹೋದ ದಿನವೇ ಉಗುರಿನಿಂದ ಕೆರೆದು ನೋಡಿದ್ದೆ, ಏನೆಂದು ಗೊತ್ತಾಗಿತ್ತು. ನೀನು ಬಾಗಿಲಲ್ಲಿ ನಿಂತು, “ಅಕ್ಕಾ, ನನ್ನ ಕೈಯಲ್ಲೇ ಏನೋ ಐಬಿದೆ, ಅಲ್ವಾ?” ಅಂತ ಕೇಳಿದಾಗ ತಟ್ಟೆ ಇನ್ನೂ ನನ್ನ ಕೈಯಲ್ಲಿತ್ತು. ನಾನು “ಹೂಂ” ಅಂದೆ.