ಮುಂದೂಡಿದ ಮೂವತ್ತು ನಿಮಿಷ

ಸೋಮವಾರ, ಸೆಪ್ಟೆಂಬರ್ 15. ಮಧ್ಯಾಹ್ನ 12:40

ತಪ್ಪೊಪ್ಪಿಗೆ. ಪ್ರಸನ್ನ ಎಂಬ ಹೆಸರಿನ, ಮೂವತ್ತೇಳು ವರ್ಷದ, ಶಿಕಾಗೋ ಪಕ್ಕದ ವುಡ್‌ರಿಡ್ಜ್ ನಿವಾಸಿಯಾದ ನಾನು ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಈ ಕೆಳಗಿನಂತೆ ಹೇಳುತ್ತೇನೆ: ಕಳೆದ ಏಳು ತಿಂಗಳಿಂದ ದಿನಕ್ಕೆ ಅರ್ಧ ಗಂಟೆಯಂತೆ ಕಂಪನಿಯ ಕಾಲವನ್ನು ಕದಿಯುತ್ತ ಬಂದಿದ್ದೇನೆ. ಕಾಲಹರಣ ಎಂದು ಜನ ಹಗುರವಾಗಿ ಅಂದುಬಿಡುತ್ತಾರೆ. ಹರಣ ಹರಣವೇ. ಶಿಕ್ಷಾರ್ಹ.

ಕೃತ್ಯದ ವಿಧಾನ: ಆಫೀಸ್ ಕ್ಯಾಲೆಂಡರಿನಲ್ಲಿ ಪ್ರತಿದಿನ ಹನ್ನೆರಡರಿಂದ ಹನ್ನೆರಡೂವರೆಗೆ ಒಂದು ಮೀಟಿಂಗ್. ಹೆಸರು ‘ಮೋ ಸರನ್ನ, ವೆಂಡರ್ ರಿವ್ಯೂ’. ಅಂಥ ವೆಂಡರ್ ಭೂಮಿಯ ಮೇಲಿಲ್ಲ. ಡಬ್ಬಿಯಲ್ಲಿ ಮೊಸರನ್ನ ಇದೆ. ಒಗ್ಗರಣೆ ಹಾಕಿದ್ದು, ಬಾಳಕದ ಮೆಣಸಿನಕಾಯಿ ಒಂದು. ಆ ಜಾಗ ಖಾಲಿ ಬಿಟ್ಟರೆ ಯಾರಾದರೂ ಬಂದು ಮೀಟಿಂಗ್ ಇಳಿಸುತ್ತಾರೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಕರವಸ್ತ್ರ ಎಸೆಯುವ ವಿದ್ಯೆ ಮೆಜೆಸ್ಟಿಕ್ಕಿನಲ್ಲಿ ಕಲಿತದ್ದು, ಶಿಕಾಗೋದಲ್ಲಿ ಉಪಯೋಗಕ್ಕೆ ಬಂತು.

ಪಶ್ಚಾತ್ತಾಪ ಇಲ್ಲ. ಉಪ್ಪು ಕಡಿಮೆ ಇತ್ತು, ಅದೊಂದೇ ವಿಷಾದ.

ಬುಧವಾರ, ಸೆಪ್ಟೆಂಬರ್ 17. ಬೆಳಿಗ್ಗೆ 7:10, ರೈಲಿನಲ್ಲಿ

ಈ ವಾರ ಮೂವತ್ತೊಂದು ಮೀಟಿಂಗ್. ಹೇಳಿದ್ದು ಗುಮಾಸ್ತ. ಗುಮಾಸ್ತ ಮನುಷ್ಯನಲ್ಲ, ಒಂದು ವೆಬ್‌ಸೈಟು. ಆಫೀಸಿನದು, ಮನೆಯದು, ಡೆಂಟಿಸ್ಟಿನದು — ಎಲ್ಲ ಕ್ಯಾಲೆಂಡರುಗಳನ್ನೂ ಒಟ್ಟಿಗೆ ಹೊಲಿದು ಕೊಡುತ್ತದೆ. ಎರಡು ಕೆಲಸ ಒಂದೇ ಹೊತ್ತಿಗೆ ಬಂದು ಗುದ್ದಾಡಿದರೆ ಒಂದಕ್ಕೆ ಬೇರೆ ಜಾಗ ಹುಡುಕುತ್ತದೆ. ಅದರ ಇಂಗ್ಲಿಷ್ ಹೆಸರು ಟೂತ್‌ಪೇಸ್ಟಿನ ಹೆಸರಿನಂತಿದೆ. ಬಾಯಲ್ಲಿ ನೊರೆ ಬರುತ್ತದೆಂದು ನಾನೇ ಮರುನಾಮಕರಣ ಮಾಡಿದೆ.

ಹೆಂಡತಿ ನಿರುಪಮಾ ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಕಾರಿನ ಬ್ರೇಕು ಮಾಡುವ ಕಂಪನಿ. ಮದುವೆಯಾಗಿ ಐದು ವರ್ಷ, ಅದರಲ್ಲಿ ಮೂರು ವರ್ಷ ಹೀಗೆ. ಅವಳ ವೀಸಾ ಅಲ್ಲಿಯ ಕಂಪನಿಗೆ ಗಂಟು, ನನ್ನದು ಇಲ್ಲಿಯದಕ್ಕೆ. ನಡುವೆ ಇನ್ನೂರ ಎಂಬತ್ತು ಮೈಲಿ ಹೆದ್ದಾರಿ. ಅವಳ ಗಡಿಯಾರ ನನ್ನದಕ್ಕಿಂತ ಒಂದು ಗಂಟೆ ಮುಂದೆ, ಬುದ್ಧಿಯೂ. ಅವಳು ನೋವೈಯಲ್ಲಿ, ನೋವು ಇಲ್ಲಿ — ಮೊದಲ ವರ್ಷ ಈ ಜೋಕಿಗೆ ನಗುತ್ತಿದ್ದಳು.

ನಿನ್ನೆ ಸಂಜೆ ಫೋನು.

“ನಮ್ಮ ಕಂಪನಿ ನಿನ್ನ ಹತ್ರಾನೇ, ಷಾಂಬರ್ಗ್‌ನಲ್ಲಿ ಆಫೀಸ್ ಓಪನ್ ಮಾಡ್ತಿದೆ. ನಂಗೆ ಟ್ರಾನ್ಸ್‌ಫರ್ ಕೊಡ್ತಾರಂತೆ. ವೀಸಾ ಪೇಪರೆಲ್ಲ ಅವರೇ ನೋಡ್ಕೋತಾರೆ.”

“ವಾವ್. ಸೂಪರ್.”

“ಇಲ್ಲೇ ಇದ್ರೆ ಟೀಮ್ ಲೀಡ್ ಮಾಡ್ತಾರೆ. ಅಲ್ಲಿಗೆ ಬಂದ್ರೆ ಈಗಿರೋ ಕೆಲಸಾನೇ. ಅಕ್ಟೋಬರ್ ಹತ್ತರೊಳಗೆ ಹೇಳ್ಬೇಕು.”

“ಹೂಂ.”

“ಪ್ರಸನ್ನ, ಟೈಪ್ ಮಾಡ್ತಿದೀಯ.”

“ಇಲ್ವಲ್ಲ.”

“ಸ್ಪೇಸ್ ಬಾರ್ ಸದ್ದು ಕೇಳಿಸ್ತು ಕಣೋ. ಊಟ ಆಯ್ತಾ, ಏನ್ ಸಾರು ಅನ್ನೋ ಫೋನಲ್ಲಿ ಇದನ್ನ ಮಾತಾಡೋಕಾಗಲ್ಲ. ಅರ್ಧ ಗಂಟೆ ಕೊಡು. ಬರೀ ಕಿವಿ ತಗೊಂಡ್ ಬಾ, ಬೆರಳು ಬೇಡ.”

ಮುಂದಿನ ಭೇಟಿ ಅಕ್ಟೋಬರ್ ಹದಿನೆಂಟಕ್ಕೆ. ಅಲ್ಲಿಯವರೆಗೆ ನನಗೆ ಶನಿವಾರ ಭಾನುವಾರವೂ ಸಾಫ್ಟ್‌ವೇರ್ ರಿಲೀಸಿನ ಕೆಲಸ, ಅವಳಿಗೆ ಪ್ಲಾಂಟಿನಲ್ಲಿ ಹೊಸ ಲೈನು. ಫೋನೇ ಗತಿ.

“ಗುಮಾಸ್ತನ ಲಿಂಕ್ ಇದೆಯಲ್ಲ, ಸ್ಲಾಟ್ ತಗೋ,” ಎಂದೆ. ತಮಾಷೆಗೆ.

ತಗೊಂಡಿದ್ದಾಳೆ. ಬುಧವಾರ 24, ಸಂಜೆ ಆರು. ವಿಷಯ: ‘ಮಾತು’. ಅವಧಿ: 30 ನಿಮಿಷ. ಅಜೆಂಡಾ ಬರೆಯುವ ಕಡೆ ಖಾಲಿ.

ಶನಿವಾರ, ಸೆಪ್ಟೆಂಬರ್ 20. ಸಂಜೆ 5:00

ನಮ್ಮ ದೇಶದ ಅಂಗಡಿಗಳ ಸಾಲಿರುವ ಡೆವನ್ ಅವೆನ್ಯೂಗೆ ಹೋಗಿದ್ದು ಕರಿಬೇವಿಗೆ. ಜೊತೆಗೆ ಸ್ಕೋಕಿಯಲ್ಲಿರುವ ಗೆಳೆಯ ಸತೀಶ, ಧಾರವಾಡದವನು, ಕಾರು ಅವನದೇ. ಪಾರ್ಕಿಂಗ್ ಹುಡುಕುತ್ತ ಒಂದೇ ಸೀರೆ ಅಂಗಡಿಯ ಮುಂದೆ ನಾಲ್ಕು ಸಲ ಹಾದೆವು. ಗೊಂಬೆಗೆ ಉಡಿಸಿದ್ದ ಸೀರೆ ನಾಲ್ಕನೇ ಸಲಕ್ಕೆ ಹಳೆಯದಾಗಿ ಕಂಡಿತು. ಹೊತ್ತು ಹೋಗಲೆಂದು ಗುಮಾಸ್ತನ ಗುಣಗಾನ ಮಾಡಿದೆ.

“ಹೇಂತಿಗೂ ಸ್ಲಾಟ್ ಕೊಟ್ಟೀಯೇನಲೇ?”

“ಅವಳೇ ತಗೊಂಡಿದ್ದು. ಮೂರು ವರ್ಷದಲ್ಲಿ ಒಂದು ಫೋನು, ಒಂದು ವೀಕೆಂಡು ನನ್ನಿಂದ ತಪ್ಪಿಲ್ಲ ಸತೀಶ. ಒಂದೇ ಮನೇಲಿರೋ ಯಾವ ಗಂಡ ಹೀಗೆ ಹೇಳ್ತಾನೆ, ಹೇಳು?”

“ಭಾರೀ ಮನುಷ್ಯಾ ಅದಿ ಬಿಡಪಾ. ನಮ್ಮ ಕನ್ನಡ ಮಂದಿಗೂ ಒಂದ್ ತಾಸು ಝೂಮಿನಾಗ ಹೇಳಿಕೊಡು. ಎಲ್ಲಾರೂ ಮೀಟಿಂಗಿನಾಗ ಮುಳುಗ್ಯಾರ.”

ಒಪ್ಪಿಕೊಂಡೆ. ಸಮಯ ಇಲ್ಲದವನೇ ಸಮಯದ ಬಗ್ಗೆ ಭಾಷಣ ಮಾಡಬೇಕು. ಇರುವವನು ಮಲಗಿರುತ್ತಾನೆ.

ಬುಧವಾರ, ಸೆಪ್ಟೆಂಬರ್ 24. ಸಂಜೆ 7:05

ಐದೂವರೆಗೆ ಮ್ಯಾನೇಜರ್ ಬ್ರೆಂಡಾಳಿಂದ ತುರ್ತು ಕರೆ: ಆರು ಗಂಟೆಗೆ ಎಲ್ಲರೂ ಲೈನಿನಲ್ಲಿರಬೇಕು. ‘ಮಾತು’ ಮುಂದಿನ ಮಂಗಳವಾರಕ್ಕೆ ಹೋಯಿತು. ಹದಿನಾಲ್ಕು ಜನ ಒಂದು ಗಂಟೆ ಒಬ್ಬರ ಸ್ಕ್ರೀನನ್ನು ಒಬ್ಬರು ನೋಡಿದೆವು.

ನಿರು ಉತ್ತರವಾಗಿ ಹೆಬ್ಬೆರಳಿನ ಚಿತ್ರ ಕಳಿಸಿದ್ದಾಳೆ. ಅವಳು ಹೆಬ್ಬೆರಳು ಕಳಿಸುವವಳಲ್ಲ. ಉದ್ದುದ್ದ ಬರೆದು ಬೈಯುವವಳು.

ಗುರುವಾರ, ಸೆಪ್ಟೆಂಬರ್ 25. ಮಧ್ಯಾಹ್ನ 1:00

ಸಿಕ್ಕಿಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಬ್ರೆಂಡಾ ಮೇಜಿನ ಬಳಿ ಬಂದು ಕೇಳಿದಳು: ಈ ಮೋ ಯಾರು? ಏಳು ತಿಂಗಳಿಂದ ದಿನಾ ಭೇಟಿ ಮಾಡುತ್ತೀಯ. ಅಷ್ಟು ಮುಖ್ಯವಾದ ವೆಂಡರ್ ಆದರೆ ನಾನೂ ಒಮ್ಮೆ ಬಂದು ಕೂರಬೇಡವೇ?

ಮೋ ತಣ್ಣಗಿನ ಮನುಷ್ಯ ಎಂದೆ. ತಡ ಮಾಡಿದರೆ ಮಾತ್ರ ಹುಳಿಯಾಗುತ್ತಾನೆ, ಹೊಸಬರ ಮುಂದೆ ತೆರೆದುಕೊಳ್ಳುವುದಿಲ್ಲ ಎಂದೆ. ಒಂದಕ್ಷರ ಸುಳ್ಳಿಲ್ಲ.

ಅಂಥವರನ್ನು ನಿಭಾಯಿಸುವುದೇ ಕಷ್ಟ, ಒಳ್ಳೆಯ ಕೆಲಸ ಮಾಡುತ್ತಿದ್ದೀಯ, ಎಂದು ಭುಜ ತಟ್ಟಿ ಹೋದಳು. ಮುಂದಿನ ವಾರದಿಂದ ‘ಚಿತ್ರಾ ಎನ್.’ ಎಂದು ಬದಲಿಸಬೇಕು. ನಿಂಬೆಹಣ್ಣು ತರಬೇಕು.

ನಿರುಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಫೋನ್ ಮಾಡಲು ಹೊರಟೆ. ಒಂದು ಗಂಟೆಯ ಮೀಟಿಂಗ್ ಶುರುವಾಯಿತು.

ಮಂಗಳವಾರ, ಸೆಪ್ಟೆಂಬರ್ 30. ಸಂಜೆ 6:20

ಟೆಸ್ಟ್ ಸರ್ವರ್ ಬಿದ್ದಿದೆ. ‘ಮಾತು’ ಮತ್ತೆ ಮುಂದಕ್ಕೆ ಹೋಯಿತು, ಅಕ್ಟೋಬರ್ ಒಂಬತ್ತಕ್ಕೆ. ನಿರು ತಾನೇ ಫೋನ್ ಮಾಡಿದಳು.

“ಮೇಲ್ ಬಂತು. ‘ಪ್ರಸನ್ನ ಅವರೊಂದಿಗಿನ ನಿಮ್ಮ ಭೇಟಿಗೆ ಇನ್ನೂ ಉತ್ತಮವಾದ ಸಮಯ ಸಿಕ್ಕಿದೆ’ ಅಂತೆ. ನಂಗೆ ಕಂಗ್ರಾಚುಲೇಷನ್ಸ್ ಹೇಳಿದ ಹಾಗಿತ್ತು.”

“ಅದು ಹಾಗೇ ಬರೆಯತ್ತೆ.”

“ಇನ್ನೂ ಉತ್ತಮವಾದ ಸಮಯ ಅಂದ್ರೆ ಡೆಡ್‌ಲೈನಿನ ಹಿಂದಿನ ದಿನ.”

“ಸಾಫ್ಟ್‌ವೇರ್‌ಗೇನ್ ಗೊತ್ತು ನಿರು?”

“ಈಗ್ಲೇ ಮಾತಾಡಿಬಿಡೋಣ್ವಾ? ಹತ್ತೇ ನಿಮಿಷ.”

ಲ್ಯಾಪ್‌ಟಾಪು ಹೊಡೆದುಕೊಳ್ಳಲು ಶುರುಮಾಡಿತ್ತು. ಅವಳಿಗೂ ಕೇಳಿಸಿತು.

“ಹೋಗು, ಎತ್ಕೋ,” ಎಂದಳು.

ಭಾನುವಾರ, ಅಕ್ಟೋಬರ್ 5. ಮಧ್ಯಾಹ್ನ 12:30

ಭಾಷಣ ಮುಗಿಯಿತು. ಝೂಮಿನಲ್ಲಿ ಹನ್ನೊಂದು ಪೆಟ್ಟಿಗೆಗಳು, ಅರ್ಧಕ್ಕರ್ಧ ಕ್ಯಾಮೆರಾ ಆಫ್. ಒಂದರಲ್ಲಿ ಕುಕ್ಕರ್ ಕೂಗಿತು. ಸಮಯಪಾಲನೆ ಎಂದರೆ ಸಮಯವನ್ನು ಪಾಲು ಮಾಡುವುದು, ಅಣ್ಣತಮ್ಮಂದಿರ ಆಸ್ತಿಯ ಹಾಗೆ — ಎಲ್ಲರಿಗೂ ಒಂದು ತುಂಡು, ಯಾರಿಗೂ ಸಮಾಧಾನವಿಲ್ಲ, ಎಂದು ಶುರು ಮಾಡಿದೆ. ನಕ್ಕರು. ಆಮೇಲೆ ಹೆಮ್ಮೆಯ ಸ್ಲೈಡು: ‘ಮೂರು ವರ್ಷ, ಎರಡು ಊರು, ಎರಡು ಗಡಿಯಾರ. ಹೆಂಡತಿಯ ಒಂದು ಭೇಟಿಯನ್ನೂ ತಪ್ಪಿಸಿಲ್ಲ.’

ಪ್ರಶ್ನೋತ್ತರ. ಚಾಟಿನಲ್ಲಿ ಬಂದದ್ದನ್ನು ಸತೀಶ ಗಟ್ಟಿಯಾಗಿ ಓದಿದ: “ತಪ್ಪಿಸೋದಕ್ಕೂ ಮುಂದಕ್ಕೆ ಹಾಕೋದಕ್ಕೂ ಏನು ಡಿಫರೆನ್ಸ್? ಕೇಳಿದವರು... ನಿರುಪಮಾ, ನೋವೈ. ಆಹಾಹಾ! ಹೇಳಪಾ ಈಗ!”

ಲಿಂಕನ್ನು ಎಲ್ಲರಿಗೂ ಕಳಿಸುವಾಗ ಅವಳಿಗೂ ಕಳಿಸಿದ್ದಾನೆ, ಮಹಾನುಭಾವ.

“ತಪ್ಪಿಸುವವನು ಗಂಡ,” ಎಂದೆ. “ಮುಂದಕ್ಕೆ ಹಾಕುವವನು ಗುಮಾಸ್ತ.”

ಎಲ್ಲರೂ ನಕ್ಕರು. ಸತೀಶನ ಹೆಂಡತಿ ಲತಾಶ್ರೀ ಮಾತ್ರ, “ಇದು ನಗೋ ವಿಷಯ ಅಲ್ರೀ,” ಎಂದರು. ನಗು ನಿಲ್ಲುವ ಹೊತ್ತಿಗೆ ಪೆಟ್ಟಿಗೆಗಳು ಹತ್ತಾಗಿದ್ದವು.

ಬುಧವಾರ, ಅಕ್ಟೋಬರ್ 8. ಬೆಳಿಗ್ಗೆ 7:15, ರೈಲಿನಲ್ಲಿ

ನಿರು ಮೆಸೇಜ್: ‘ನಾಳೆ ನಿನ್ನ ಆರು, ನನ್ನ ಏಳು. ಎರಡೂ ಕಡೆ ಯೋಚನೆ ಮಾಡಿದೀನಿ. ಒಬ್ಬಳೇ ಡಿಸೈಡ್ ಮಾಡೋಕೆ ಇಷ್ಟ ಇಲ್ಲ. ನೀನು ಏನ್ ಹೇಳಿದ್ರೂ ಕೇಳ್ತೀನಿ. ಆದ್ರೆ ಹೇಳ್ಬೇಕು.’

‘ಖಂಡಿತ’ ಎಂದು ಬರೆದೆ. ರಿಲೀಸು ಮೊನ್ನೆ ಮುಗಿದಿದೆ. ಮುಗಿದ ಮೇಲೂ ಕಣ್ಣು ಉರಿ. ರೈಲಿನ ಕಿಟಕಿಗೆ ತಲೆ ಕೊಟ್ಟರೆ ತಲೆಯೊಳಗೂ ಹಳಿ ಸದ್ದು. ಯಾರಾದರೂ ‘ನಿನಗೇನು ಬೇಕು?’ ಎಂದು ಕೇಳಿದರೆ ‘ಕೇಳಬೇಡಿ’ ಎನ್ನಬೇಕೆನಿಸುತ್ತದೆ.

ಗುರುವಾರ, ಅಕ್ಟೋಬರ್ 9. ಸಂಜೆ 6:55

‘ಮಾತು’ ಶನಿವಾರ ಬೆಳಿಗ್ಗೆಗೆ ಹೋಯಿತು. ಹನ್ನೊಂದನೇ ತಾರೀಕು. ಗುಮಾಸ್ತನ ಕೈವಾಡ.

ನಿರು ಕಡೆಯಿಂದ ಏನೂ ಇಲ್ಲ. ಹೆಬ್ಬೆರಳೂ ಇಲ್ಲ.

ಶುಕ್ರವಾರ, ಅಕ್ಟೋಬರ್ 10. ಸಂಜೆ 5:30

ನಾಲ್ಕೂವರೆಗೆ ಫೋನು. ಮೀಟಿಂಗ್ ಬಿಟ್ಟು ಎತ್ತಿದೆ.

“ಹೇಳಿಬಿಟ್ಟೆ. ಟೀಮ್ ಲೀಡ್. ಇಲ್ಲೇ ಇರ್ತೀನಿ. ಅಪಾರ್ಟ್‌ಮೆಂಟ್ ಲೀಸೂ ಹದಿನೈದು ತಿಂಗಳಿಗೆ ಸೈನ್ ಮಾಡ್ದೆ.”

“ನಾಳೆವರೆಗೆ ಕಾಯ್ಬಹುದಿತ್ತಲ್ಲ ನಿರು?”

“ನಾನು ಕಾಯ್ತಿದ್ದೆ. ಅವರಿಗೆ ಇವತ್ತು ಐದಕ್ಕೆ ಬೇಕಿತ್ತು. ನಾಲ್ಕು ವಾರದಿಂದ ಹೇಳ್ತಿದೀನಿ.”

“ಸಾಫ್ಟ್‌ವೇರ್ ಮಾಡಿದ್ದಕ್ಕೆ ನನ್ನ ಮೇಲೆ ಕೋಪಾನಾ?”

“ನಿನ್ನೆ ಏಳರಿಂದ ಏಳೂವರೆವರೆಗೆ ಇತ್ತು. ಮೇಲ್ ಬಂದಿದ್ರೂ ಕೂತಿದ್ದೆ, ನೀನು ಹಾಗೇ ಫೋನ್ ಮಾಡ್ಬಹುದು ಅಂತ. ಆಮೇಲೆ ಎದ್ದು ಅಡುಗೆ ಮಾಡ್ದೆ.”

ಲ್ಯಾಪ್‌ಟಾಪು ಮುಚ್ಚಿದೆ.

“ಬಾ ಅಂದಿದ್ರೆ ಬರ್ತಿದ್ದೆ ಪ್ರಸನ್ನ. ಬೇಡ, ನೀನು ಲೀಡ್ ಆಗು ಅಂದಿದ್ರೆ ಖುಷಿಯಾಗಿ ಇರ್ತಿದ್ದೆ. ಈಗ ಸುಮ್ನೆ ಇದೀನಿ, ಅಷ್ಟೇ.”

ಇಟ್ಟಳು. ಕೂಡಲೇ ಕೂತು ಗುಮಾಸ್ತನ ಕಂಪನಿಗೆ ದೂರು ಬರೆದೆ. ಕಟುವಾದ, ಸೊಗಸಾದ ಇಂಗ್ಲಿಷ್: ನಿಮ್ಮ ಯಂತ್ರ ನನ್ನ ಅನುಮತಿಯಿಲ್ಲದೆ ನನ್ನ ಹೆಂಡತಿಯ ಭೇಟಿಯನ್ನು ಮೂರು ಬಾರಿ ಮುಂದೂಡಿದೆ, ಒಂದು ಸಂಸಾರದ ಅಮೂಲ್ಯ ನಿರ್ಧಾರಕ್ಕೆ ಧಕ್ಕೆ ತಂದಿದೆ, ದಾಖಲೆ ಸಮೇತ ವಿವರಣೆ ಕೊಡಿ. ನಿರುಗೂ ಒಂದು ಕಾಪಿ ಹಾಕಿದೆ. ನನ್ನ ನಿರ್ದೋಷಿತನ ಅವಳೂ ಓದಲಿ.

ಮಂಗಳವಾರ, ಅಕ್ಟೋಬರ್ 14. ಬೆಳಿಗ್ಗೆ 8:05

ರೈಲು ಬಿಟ್ಟೆ. ಇನ್ನೂ ಮನೆಯಲ್ಲೇ ಇದ್ದೇನೆ.

ಉತ್ತರ ಬಂದಿದೆ. ತುಂಬ ವಿನಯದ್ದು. ಕಾಪಿ: ನಿರುಪಮಾ. ಕೇಳಿದ್ದೀರೆಂದು ದಾಖಲೆ ಲಗತ್ತಿಸಿದ್ದೇವೆ ಎಂದಿದ್ದಾರೆ. ಮೂರು ತಾರೀಕು, ಮೂರು ಸಾಲು, ಮೂರರಲ್ಲೂ ಅದೇ ಮಾತು — ‘ನಮ್ಮ ಸಲಹೆ: ಈ ಭೇಟಿಯನ್ನು ಹಾಗೇ ಇಡಿ. ಬಳಕೆದಾರರ ಆಯ್ಕೆ: ಮುಂದೂಡಿ.’ ಬಳಕೆದಾರರ ಹೆಸರು ಬೇರೆ ಪೂರ್ತಿಯಾಗಿ, ಇನಿಷಿಯಲ್ ಸಮೇತ.

ನನಗೆ ಇದು ಸುದ್ದಿಯಲ್ಲ. ಪ್ರತಿ ಸಲವೂ ಅದು ಕೇಳಿತ್ತು. ಒತ್ತಿದ್ದು ನಾನು. ದೂರು ಬರೆಯುವಾಗಲೂ ಗೊತ್ತಿತ್ತು, ದಾಖಲೆ ಇಡುತ್ತಾರೆಂದು ಗೊತ್ತಿರಲಿಲ್ಲ.

ಮೊದಲೆರಡು ಸಲ ಕೆಲಸವಾದರೂ ಇತ್ತು. ಒಂಬತ್ತನೇ ತಾರೀಕು ಏನೂ ಇರಲಿಲ್ಲ. ಬ್ರೆಂಡಾ ರಜೆ. ನಾಲ್ಕಕ್ಕೇ ಮನೆಗೆ ಬಂದಿದ್ದೆ. ಬಾ ಎಂದರೆ ಅವಳ ಬಡ್ತಿ ಕಳೆದವನು ನಾನು. ಬೇಡ ಎಂದರೆ ಇನ್ನೂ ಎಷ್ಟೋ ವರ್ಷದ ಹೆದ್ದಾರಿಗೆ ಕಾರಣ ನಾನು. ದಣಿದಿದ್ದೆ. ಅವಳೇ ತೀರ್ಮಾನ ಮಾಡಿಬಿಟ್ಟರೆ ನಾನು ಆಮೇಲೆ ಆರಾಮವಾಗಿ ಬೇಜಾರು ಮಾಡಿಕೊಳ್ಳಬಹುದಲ್ಲ ಎಂದು... ಐದು ಐವತ್ತೆರಡಕ್ಕೆ ಒತ್ತಿದೆ.

ದಾಖಲೆ ಅಲ್ಲಿಗೆ ನಿಲ್ಲುವುದಿಲ್ಲ. ಉಪಯೋಗವಾದೀತೆಂದು ಆ ಸಂಜೆಯ ಉಳಿದದ್ದನ್ನೂ ಸೇರಿಸಿದ್ದಾರೆ. ಆರು ಎರಡರಿಂದ ಆರು ನಲವತ್ತೊಂದರವರೆಗೆ, ಅವಳು ಅಲ್ಲಿ ಫೋನು ಮುಂದಿಟ್ಟುಕೊಂಡು ಕೂತಿದ್ದ ಹೊತ್ತು. ನಾನು ಸೋಫಾದ ಮೇಲೆ ಕ್ಯಾಲೆಂಡರಿನ ಬಣ್ಣ ಬದಲಾಯಿಸುತ್ತಿದ್ದೆ. ಒಂದೇ ವಿಭಾಗದ್ದು, ಒಂಬತ್ತು ಸಲ. ‘ಫ್ಯಾಮಿಲಿ’ ಮೊದಲು ಹಳದಿ ಮಾಡಿದೆ. ಚೆನ್ನಾಗಿ ಕಾಣಲಿಲ್ಲ. ಆಮೇಲೆ ನೀಲಿ. ಆಮೇಲೆ ಮತ್ತೆ ಹಳದಿ.