ಕಾರ್ಡಿನೊಳಗಿನ ಕೊಳಲು

೧೫ ನವೆಂಬರ್ ೧೯೯೯, ಸೋಮವಾರ

ಸ್ಟುಡಿಯೋ ಗುಡಿಸಿ ಊದುಬತ್ತಿ ಹಚ್ಚಿದೆ. ಹೊಸ ಕಂಪ್ಯೂಟರ್ ಬಂತು. ಹಳೆಯದು ದಾವಣಗೆರೆಯ ವೀರೇಶ್ ಅಂಗಡಿಗೆ, ಎಕ್ಸ್‌ಚೇಂಜಿನಲ್ಲಿ. ಟ್ಯೂನ್‌ಗಳೆಲ್ಲ ಫ್ಲಾಪಿಯಲ್ಲಿವೆ, ಚಿಂತೆಯಿಲ್ಲ.

ಮಾಲತೇಶಪ್ಪನವರು ನಾಳೆ ಬರುತ್ತಾರೆ. ಒಂದು ಕಾಲದಲ್ಲಿ ನಮ್ಮೂರ ಆರ್ಕೆಸ್ಟ್ರಾದ ಕೊಳಲು ಅವರದೇ. ಮಿಲ್ಲಿನ ಹತ್ತಿಧೂಳು ಶ್ವಾಸಕೋಶ ತಿಂದಿತು. ಊದಲೇಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಈಗ ಕೀಬೋರ್ಡ್ ಒತ್ತಿದರೆ ಕಂಪ್ಯೂಟರಿನಿಂದ ಕೊಳಲು. "ಉಸಿರು ಮಿಷನ್ನಿಂದು, ಬೆರಳು ನಂದು" ಅಂತಾರೆ. ಅವರ ಟ್ಯೂನಿನ ಎರಡನೇ ಚರಣ ಬಾಕಿ ಇದೆ.

೧೬ ನವೆಂಬರ್

ಬಂದರು. ಒಂದೇ ಕೀ ಒತ್ತಿದರು. ಮಕ್ಕಳ ಪೀಪಿ ಸದ್ದು.

"ಇದು ಕೊಳಲಲ್ಲ ಬಿಡು ಸಿಕಂದರ್." ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ವೀರೇಶ್‌ಗೆ ಫೋನ್ ಮಾಡಿದೆ. "ಫ್ಲಾಪಿನಾಗ ಯಾವ ಸ್ವರ, ಎಷ್ಟೊತ್ತು ಅನ್ನೋದಷ್ಟೇ ಇರ್ತೈತೆ ಸಿಕಂದರಣ್ಣ. ಕೊಳಲಿನ ದನಿ ಇದ್ದಿದ್ದು ಹಳೇ ಕಂಪ್ಯೂಟರ್ ಒಳಗಿನ ಸೌಂಡ್ ಕಾರ್ಡಿನಾಗ."

ಇಷ್ಟು ವರ್ಷ ಸ್ಟುಡಿಯೋ ನಡೆಸಿ ಇದೂ ಗೊತ್ತಿಲ್ಲ ನನಗೆ. ಕಾರ್ಡ್ ಹುಡುಕಬೇಕು. ಮಾಲತೇಶಪ್ಪನವರಿಗೆ ಈಗಲೇ ಹೇಳುವುದಿಲ್ಲ — ಸಿಕ್ಕ ಮೇಲೆ ಕರೆದು ಕೂರಿಸಿ ಕೇಳಿಸಿಬಿಡುವುದು.

೨೦ ನವೆಂಬರ್, ಸಂಜೆ

ದಾವಣಗೆರೆ ಪೂರ್ತಿ ಸುತ್ತಿದೆ. "ಅಂಥವು ಈಗ ಬರಲ್ರಿ" — ಎಲ್ಲ ಅಂಗಡಿಯಲ್ಲೂ ಅದೇ ಮಾತು. ನಮ್ಮ ಹಳೇ ಕಂಪ್ಯೂಟರನ್ನು ವೀರೇಶ್ ಅಲ್ಲೇ ಇಮಾಮ್ ಸಾಬ್ ಅವರ ಡಿಟಿಪಿ ಸೆಂಟರಿಗೆ ಮಾರಿದ್ದ, ಅಲ್ಲಿಗೆ ಹೋದೆ. ಕಾರ್ಡ್ ಬಿಚ್ಚಿ ಡ್ರಾಯರಿಗೆ ಎಸೆದಿದ್ದರು.

"ಲಗ್ನಪತ್ರಿಕೆಗೆ ಸೌಂಡ್ ಯಾಕ್ರಿ? ತಗಂಡ್ ಹೋಗ್ರಿ."

ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದೆ. ಹೊಸ ಕಂಪ್ಯೂಟರ್ ಬಿಚ್ಚಿದರೆ ಈ ಕಾರ್ಡ್ ಕೂರುವ ಉದ್ದನೆಯ ಸ್ಲಾಟೇ ಇಲ್ಲ. ಗಿಡ್ಡವು ಮಾತ್ರ. ಅಳು ಬಂತು.

೨೯ ನವೆಂಬರ್

ಮತ್ತೆ ಇಮಾಮ್ ಸಾಬ್. ನನ್ನ ಹೊಸದು ನೀವಿಟ್ಟುಕೊಳ್ಳಿ, ಹಳೆಯದು ವಾಪಸ್ ಕೊಡಿ ಅಂದೆ. ಒಪ್ಪಿದರು. "ಲಗ್ನದ ಸೀಸನ್ ಐತೆ. ಭಾನುವಾರ ಬರ್ರಿ."

ಬರುವಾಗ ಮಾಲತೇಶಪ್ಪನವರ ಓಣಿ ದಾಟಿದೆ. ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ಏನು ಹೇಳಲಿ…

೫ ಡಿಸೆಂಬರ್, ಭಾನುವಾರ

ಹಳೇ ಕಂಪ್ಯೂಟರನ್ನು ಲಗೇಜ್ ಆಟೋದಲ್ಲಿ ತಂದೆ. ಕಾರ್ಡ್ ಕೂರಿಸಿದೆ. ಫ್ಲಾಪಿ ಹಾಕಿದೆ. ಕೊಳಲು ಬಂತು. ಅದೇ ಕೊಳಲು.

ಸೈಕಲ್ ಹತ್ತಿ ಮಾಲತೇಶಪ್ಪನವರ ಮನೆಗೆ ಹೋದೆ. ಬೀಗ. ದಾವಣಗೆರೆ ಆಸ್ಪತ್ರೆಗೆ ಸೇರಿಸಿದ್ದಾರೆ, ಪಕ್ಕದ ಮನೆಯವರು ಹೇಳಿದರು.

೬ ಡಿಸೆಂಬರ್, ಆಸ್ಪತ್ರೆ

ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಮೂಗಿಗೆ ಆಕ್ಸಿಜನ್.

ಅವರ ಹೆಂಡತಿ ನಿರ್ಮಲಮ್ಮ ಹೊರಗೆ ಕರೆದು, ನಾನು ಕಾರ್ಡ್ ಹುಡುಕಿದ್ದು ಕೇಳಿ ಹೇಳಿದರು. "ಮಿಷನ್ ಹೋತು, ಸಿಕಂದರ್‌ಗೂ ನಾನು ಬ್ಯಾಡಾದೆ ಅಂದ್ರು. ದಿನಾ ಬಾಗ್ಲು ನೋಡಿದ್ರು. ಆಮ್ಯಾಲೆ ಗೂಡಿನಾಗಿನ ಕೊಳಲು ತಗದ್ರು. ಬ್ಯಾಡ ಅಂದ್ರೂ ಕೇಳ್ಲಿಲ್ಲ, ಚರಣ ಮುಗಿಸ್ಬೇಕು ಅಂತ ಊದಿದ್ರು. ಹುಡುಕ್ತಾ ಇದೀನಿ ಅಂತ ಒಂದ್ ಮಾತು ಹೇಳಿದ್ರೆ ಕಾಯ್ತಿದ್ರಪ್ಪ."

ಒಳಗೆ ಬಂದೆ. ಮಾಲತೇಶಪ್ಪನವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ — ಕಾರ್ಡ್ ಸಿಕ್ಕಿತು, ಕೊಳಲು ಬಂತು. ಕಣ್ಣು ತೆರೆದರು.

"ಚರಣ… ಕೂತೈತೆ. ಬರ್ಕೋ."

ಮಾತಿಗೆ ಉಸಿರು ಸಾಲದು. ಕೀಬೋರ್ಡ್ ಒತ್ತುವಂತೆ ಹೊದಿಕೆಯ ಮೇಲೆ ಬೆರಳು ಆಡಿಸುತ್ತಿದ್ದಾರೆ. ನೋಡುತ್ತಾ ಬರೆದುಕೊಳ್ಳುತ್ತಿದ್ದೇನೆ —

ಗ ಮ ಪ… ಗ ಮ ದ… ಪ ಮ… ಗ